ತಿರುವಿನಲ್ಲಿ ಕಂಡ ಮುಖ

ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸ್ನೇಹಳನ್ನು ಕಂಡ ಕೂಡಲೇ ವೇಣುಗೋಪಾಲ್ ಕಂಬದ ಮರೆಗೆ ಸರಿದ. ಅಷ್ಟರಲ್ಲಿ ಅವಳು ನೋಡಿಬಿಟ್ಟಿದ್ದಳು.

ಅವನ ಕಣ್ಣು ಅವಳ ಮುಖಕ್ಕೆ ಬಂತು, ಅಲ್ಲಿ ನಿಲ್ಲಲಾರದೆ ಎಡಗಾಲಿಗೆ ಇಳಿಯಿತು, ಆಮೇಲೆ ನೆಲಕ್ಕೆ. ನಿಶ್ಚಿತಾರ್ಥವಾದ ಹೊಸದರಲ್ಲಿ ಇದೇ ಕಣ್ಣು ತುಂಬಿದ ಮನೆಯಲ್ಲೂ ಅವಳನ್ನು ಹುಡುಕಿಕೊಂಡು ಬಂದು ತಮಾಷೆ ಮಾಡುತ್ತಿತ್ತು. ಈಗ ಅದರಲ್ಲಿ ಅಪರಾಧಿಯ ಕಳೆ.

“ಇನ್ನೂ ನೋವಿದ್ಯಾ?”

“ಚಳಿ ಬಿದ್ರೆ ಸ್ವಲ್ಪ.”

“ಸೋಮವಾರ ಧರ್ಮಾವರಕ್ಕೆ ಹೋಗ್ತಿದ್ದೀನಿ. ಮಾವನ ಸೀರೆ ಅಂಗಡಿಗೆ.” ತಡೆದು ಹೇಳಿದ, “ವಾಪಸ್ ಬರಲ್ಲ ಅನ್ಸುತ್ತೆ. ನಿಂಗೂ ಅದೇ ಒಳ್ಳೇದು.”

ಹೋಗು ಎನ್ನಬೇಕೆಂದುಕೊಂಡಳು. ಬಾಯಿ ಬರಲಿಲ್ಲ. ಬಸ್ಸು ಹತ್ತಿ ಕುಳಿತ ಮೇಲೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಕೋಪ, ಎಂದು ತನಗೆ ತಾನೇ ಹೇಳಿಕೊಂಡಳು. ಎರಡು ವರ್ಷದಿಂದ ಅವನ ವಿಷಯ ಬಂದಾಗಲೆಲ್ಲ ಎದೆ ಹೊಡೆದುಕೊಂಡರೆ ಅವಳು ಅದಕ್ಕೆ ಇಡುತ್ತಿದ್ದ ಹೆಸರು ಅದೊಂದೇ.

ಮದುವೆಗೆ ತಿಂಗಳಿರುವಾಗ ಇಬ್ಬರೂ ದೇವನಹಳ್ಳಿಯ ನೆಂಟರಿಗೆ ಲಗ್ನಪತ್ರಿಕೆ ಕೊಟ್ಟು ಬೈಕಿನಲ್ಲಿ ಬರುತ್ತಿದ್ದರು. ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ತಿರುವಿನಲ್ಲಿ ಗಾಡಿ ಕಲ್ಲಿಗೆ ಹೊಡೆಯಿತು. ಸ್ನೇಹಳ ತೊಡೆಮೂಳೆ ಮುರಿಯಿತು. ಅವಳಿಗೆ ಎಚ್ಚರವಾದಾಗ ಆಸ್ಪತ್ರೆಯಲ್ಲಿ ಪಕ್ಕದಲ್ಲಿದ್ದವನು ಸೋದರಮಾವ ನಂದೀಶ್. “ನಿನ್ ಕಡೆ ತಿರುಗಿ ಮಾತಾಡ್ತಿದ್ನಾ ಅವ್ನು? ಎಷ್ಟ್ ಹೊತ್ತು ತಿರುಗಿದ್ದ?” ಎಂದು ಕೇಳಿದ. ಅವಳು ಹೂಂ ಎಂದಳು. ಆಮೇಲೆ ಅಪ್ಪನಿಗೆ, ಅಮ್ಮನಿಗೆ, ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದಳು. ಹೇಳಿದಷ್ಟೂ ಚಿತ್ರ ಸ್ಪಷ್ಟವಾಯಿತು. ವೇಣು ಹಿಂದಕ್ಕೆ ತಿರುಗಿದ್ದಾನೆ, ಎಡಕೆನ್ನೆಯಲ್ಲಿ ಗುಳಿ ಬೀಳುವ ಹಾಗೆ ನಗುತ್ತಿದ್ದಾನೆ, ಮರುಕ್ಷಣ ಕಲ್ಲು.

ಮದುವೆ ನಿಂತುಹೋಯಿತು. ಒಂದೇ ಬೀದಿಯಲ್ಲಿ ಮಗ್ಗ ಹಾಕಿಕೊಂಡಿದ್ದ ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು. ವೇಣು ಎದುರು ಮಾತಾಡಲಿಲ್ಲ. ಅವನ ಆ ಮೌನವನ್ನೇ ಎಲ್ಲರೂ ಒಪ್ಪಿಗೆ ಎಂದು ತಿಳಿದರು.

ಸ್ನೇಹ ಈಗ ಬಿ.ಎಡ್. ಓದುತ್ತಿದ್ದಳು. ಸೈಕಾಲಜಿ ಹೇಳಿಕೊಡುವ ಸಂಘಮಿತ್ರ ಮೇಡಂ ಹೊಸಕೋಟೆ ಕಡೆಯವರು. ಹಿಂದಿನ ವಾರ ಅವರು ಕ್ಲಾಸಿನಲ್ಲಿ ಒಂದು ಚಿಕ್ಕ ವಿಡಿಯೊ ತೋರಿಸಿದ್ದರು. ಸಂತೆಯಲ್ಲಿ ಒಬ್ಬ ಸರ ಕಿತ್ತುಕೊಂಡು ಓಡುತ್ತಾನೆ. ಮುಗಿದ ಮೇಲೆ, “ಅವನ ಹೆಗಲಲ್ಲಿದ್ದ ಚೀಲ ದೊಡ್ಡದಾ, ಚಿಕ್ಕದಾ?” ಎಂದು ಕೇಳಿ ಸುಮ್ಮನಾಗಿದ್ದರು.

ಇವತ್ತು ಕ್ಲಾಸಿಗೆ ಬಂದವರೇ ಆ ಚೀಲವನ್ನು ವರ್ಣಿಸಿ ಎಂದರು.

“ನೀಲಿ ಚೀಲ ಮೇಡಂ. ಜಿಪ್ ಕಿತ್ತೋಗಿತ್ತು,” ಎಂದಳು ಸ್ನೇಹ. ಅವಳಿಗೆ ಅನುಮಾನವೇ ಇರಲಿಲ್ಲ.

ಮೇಡಂ ವಿಡಿಯೊ ಮತ್ತೆ ಹಾಕಿದರು. ಕಳ್ಳನ ಹೆಗಲಲ್ಲಿ ಏನೂ ಇರಲಿಲ್ಲ.

ಕ್ಲಾಸು ನಕ್ಕಿತು. ಸ್ನೇಹ ಮಾತ್ರ ನಗಲಿಲ್ಲ.

“ನೆನಪು ಅನ್ನೋದು ಪೆಟ್ಟಿಗೇಲಿಟ್ಟ ಫೋಟೊ ಅಲ್ಲ,” ಎಂದರು ಮೇಡಂ. “ಪ್ರತಿ ಸಲ ತೆಗೆದಾಗ್ಲೂ ನಾವು ಅದನ್ನ ಹೊಸದಾಗಿ ಬರೀತೀವಿ. ಬೇರೆಯವರು ಕೇಳೋ ಪ್ರಶ್ನೇನೂ ಅದರೊಳಗೆ ಸೇರ್ಕೊಂಡ್ಬಿಡುತ್ತೆ.”

ಎಲ್ಲರೂ ಹೋದ ಮೇಲೆ ಸ್ನೇಹ ಅವರ ಮೇಜಿನ ಹತ್ತಿರ ನಿಂತಳು. “ಹಂಗಾದ್ರೆ ನಾನು ಸುಳ್ಳು ಹೇಳ್ದಂಗಾ ಮೇಡಂ?”

ಅವಳು ಕೇಳುತ್ತಿರುವುದು ಚೀಲದ ಬಗ್ಗೆಯಲ್ಲ ಎಂದು ಅವರಿಗೆ ಹೊಳೆದಿರಬೇಕು. “ಸುಳ್ಳು ಹೇಳೋರಿಗೆ ಅದು ಸುಳ್ಳು ಅಂತ ಗೊತ್ತಿರುತ್ತೆ ಕಣಮ್ಮ,” ಎಂದರು ಮೆಲ್ಲಗೆ.

ಮನೆಗೆ ಬರುವ ಬಸ್ಸಿನಲ್ಲಿ ಸ್ನೇಹ ಕಣ್ಣು ಮುಚ್ಚಿ ಆ ತಿರುವಿಗೆ ಹೋದಳು. ಕೆನ್ನೆಯ ಗುಳಿ, ನಗು, ಎಲ್ಲ ಇದ್ದವು. ಆಗ ನೆನಪಾಯಿತು. ಅವನ ತಾಯಿ ಆಸ್ಪತ್ರೆಯ ಬಾಗಿಲಲ್ಲಿ ಎದೆಗವುಚಿಕೊಂಡು ನಿಂತಿದ್ದ, ಎರಡು ಸೀಳಾಗಿದ್ದ ಅವನ ಹೆಲ್ಮೆಟ್. ಮುಖ ಪೂರ್ತಿ ಮುಚ್ಚುವಂಥದ್ದು, ಕಪ್ಪು ಗಾಜಿನದು.

ಅವನು ತಿರುಗಿದ್ದರೂ ಆ ಕೆನ್ನೆ ಅವಳಿಗೆ ಕಾಣುವ ಹಾಗೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ವೇಣುವಿನ ಮನೆಗೆ ಹೋದಳು. ಅವನ ತಾಯಿ ನಾರಾಯಣಮ್ಮ ಬಾಗಿಲು ತೆಗೆದು ಹಿಂದಿನ ಶೆಡ್ಡಿನ ಕಡೆ ಕೈ ತೋರಿಸಿದರು. ವೇಣು ಬಟ್ಟೆ ಮಡಿಸಿ ಬ್ಯಾಗಿಗೆ ತುಂಬುತ್ತಿದ್ದ.

“ಒಂದ್ ಮಾತು ಕೇಳ್ತೀನಿ. ನಿಜ ಹೇಳ್ಬೇಕು. ಅವತ್ತು ನೀನು ನನ್ ಕಡೆ ತಿರುಗಿದ್ಯಾ?”

“ತಿರುಗಿದ್ದೆ.” ತಡವರಿಸಲೂ ಇಲ್ಲ. “ದಿನಾ ಕಣ್ಮುಂದೆ ಬರುತ್ತೆ.”

ಸ್ನೇಹ ನೂಲಿನ ಮೂಟೆಯ ಮೇಲೆ ಕುಳಿತಳು. ಬೇರೆ ಉತ್ತರಕ್ಕಾಗಿ ಹಂಬಲಿಸಿಕೊಂಡು ಬಂದಿದ್ದಳು. ಎದೆ ಹೊಡೆದುಕೊಳ್ಳುತ್ತಿದ್ದದ್ದು ಕೋಪಕ್ಕಲ್ಲ ಎಂದು ಆಗ ಗೊತ್ತಾಯಿತು.

“ತಿರುಗಿದಾಗ ಏನ್ ಕಾಣಿಸ್ತು?”

“ನೀನು.” ಕೈಯಲ್ಲಿದ್ದ ಅಂಗಿ ಹಾಗೇ ನಿಂತಿತು. “ಹಣೆ ಮೇಲೆ ಕೂದಲು ಹಾರ್ತಿತ್ತು. ಮೂಗುಬೊಟ್ಟು ಬಿಸಿಲಿಗೆ ಹೊಳೀತಿತ್ತು. ಏನೋ ಹೇಳೋಕೆ ನೀನು ತುಟಿ ತೆಗ್ದಿದ್ದೆ.”



“ವೇಣು, ಅವತ್ತು ಧೂಳಿತ್ತಲ್ಲ. ನಾನು ದುಪಟ್ಟಾನ ಕಣ್ಣಿನವರೆಗೂ ಬಿಗಿದು ಮೇಲೆ ಹೆಲ್ಮೆಟ್ ಹಾಕ್ಕೊಂಡಿದ್ದೆ. ನೀನೇ ಅಲ್ವಾ, ನಕ್ಕೊಂಡು, ದರೋಡೆಗೆ ಹೊರಟೋಳ ಥರ ಇದ್ದೀಯಾ ಅಂದಿದ್ದು?”

ಅವನ ಮುಖ ಬಿಳಿಚಿತು. ಅಂಗಿಯನ್ನು ಬ್ಯಾಗಿನ ಮೇಲೆ ಇಟ್ಟ.

“ನಾನೂ ನಿನ್ ನಗು ಕಂಡೆ. ಕಪ್ಪು ಗಾಜಿನೊಳಗೆ.” ಎಂದಳು ಅವಳು. “ನಾನು ಹೇಳ್ದೆ, ಊರೆಲ್ಲ ಹೇಳ್ತು, ನೀನು ನಂಬಿಬಿಟ್ಟೆ.”

“ಹಂಗಾದ್ರೆ ನಾನು ತಿರುಗಲೇ ಇಲ್ವಾ?”

“ಗೊತ್ತಿಲ್ಲ. ಯಾವತ್ತೂ ಗೊತ್ತಾಗಲ್ಲ.”

ವೇಣು ಗೋಡೆಗೊರಗಿ ಕುಸಿದು ಕುಳಿತ. ಎರಡು ವರ್ಷ ಹೊತ್ತದ್ದನ್ನು ಇಳಿಸಲೂ ಬಾರದೆ, ಹೊರಲೂ ಆಗದೆ, ಸದ್ದಿಲ್ಲದೆ ಅತ್ತ. ಸ್ನೇಹ ಎದ್ದು ಹತ್ತಿರ ಹೋಗಿ, ಕಾಲು ಮಡಿಸಲು ಬಾರದ್ದರಿಂದ ನಿಂತೇ, ಅವನ ತಲೆಯನ್ನು ತನ್ನ ಸೊಂಟಕ್ಕೆ ಒರಗಿಸಿಕೊಂಡಳು.

“ನಿನ್ನ ದ್ವೇಷ ಮಾಡ್ಬೇಕು ಅಂತ ತುಂಬ ಕಷ್ಟಪಟ್ಟೆ ಕಣೋ,” ಎಂದಳು.

“ಆಯ್ತಾ?”

“ಇಲ್ಲ.”

ಅದೇ ಸಂಜೆ ಸ್ನೇಹಳ ಮನೆಯ ಶೆಡ್ಡಿನಲ್ಲಿ ಅವಳಪ್ಪ ಯೋಗಾನಂದ ಮಗ್ಗದ ಮುಂದೆ ನಿಂತಿದ್ದರು. ಇಬ್ಬರೂ ಹೊಸ್ತಿಲಿಗೆ ಬಂದದ್ದನ್ನು ಕಂಡರೂ ಪವರ್‌ಲೂಮ್ ಆಫ್ ಮಾಡಲಿಲ್ಲ. ಸ್ನೇಹ ಆ ಗದ್ದಲದಲ್ಲೇ ಗಂಟಲೆತ್ತಿ ಹೆಲ್ಮೆಟ್ಟಿನದು, ದುಪಟ್ಟಾದು, ಆಸ್ಪತ್ರೆಯಲ್ಲಿ ನಂದೀಶ್ ಮಾವ ಕೇಳಿದ್ದು, ಎಲ್ಲ ಹೇಳಿದಳು.

“ಇವನೇ ಬಾಯಿ ಬಿಟ್ಟು ಇಲ್ಲ ಅಂದಿಲ್ವಲ್ಲ. ಪಾಠದಲ್ಲಿ ಓದಿದ್ದನ್ನ ತಂದು ನಂಗ್ ಹೇಳ್ಬೇಡ,” ಎಂದರು ಯೋಗಾನಂದ. “ನಿನ್ ಕಾಲು ಕುಂಟೋದು ಸುಳ್ಳಲ್ವಲ್ಲ.”

“ಅದು ಸುಳ್ಳಲ್ಲ ಅಪ್ಪ. ಇವನು ಮಾಡ್ದ ಅನ್ನೋದು ಮಾತ್ರ ನಂಗೆ ಗೊತ್ತಿಲ್ಲ. ಗೊತ್ತಿಲ್ದೇ ಹೇಳ್ಬಿಟ್ಟೆ.”

ವೇಣು ಒಂದು ಹೆಜ್ಜೆ ಮುಂದೆ ಬಂದು ಏನೋ ಹೇಳಿದ. ಮಗ್ಗದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಯೋಗಾನಂದ ಅವನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಕೈ ಚಾಚಿ ಸ್ವಿಚ್ ಒತ್ತಿದರು. ಶೆಡ್ಡು ಒಮ್ಮೆಲೇ ನಿಶ್ಶಬ್ದವಾಯಿತು.

“ಏನಂದೆ?”

“ತಪ್ಪು ನಂದಿರ್ಬಹುದು. ಇಲ್ದೇನೂ ಇರ್ಬಹುದು,” ಎಂದ ವೇಣು. “ಅದು ತಿಳೀದೇನೇ ಬದುಕಬೇಕು ನಾನು. ಸ್ನೇಹ ಜೊತೆಗಿದ್ರೆ ಬದುಕ್ತೀನಿ ಅಂದೆ.”

ಯೋಗಾನಂದ ಮಗಳನ್ನು ನೋಡಿದರು. ಅವಳು ನೋವಿನ ಕಾಲಿನ ಭಾರವನ್ನೆಲ್ಲ ವೇಣುವಿನ ತೋಳಿಗೆ ಬಿಟ್ಟು ನಿಂತಿದ್ದಳು. ಅವರು ಮೂಲೆಯಲ್ಲಿದ್ದ ಸ್ಟೂಲನ್ನು ತಂದು ಮಗಳ ಹತ್ತಿರ ಇಟ್ಟರು. ಆಮೇಲೆ ಇನ್ನೊಂದನ್ನು ತಂದರು.

“ಕೂತ್ಕೊ,” ಎಂದರು ವೇಣುವಿಗೆ.