ಕ್ಯಾಮೆರಾಕ್ಕಾಗಿ ಎರಡನೆಯ ಸಲ

"ಮೊನ್ನೆ ಹತ್ತಿದ್ದು ನಿಜ. ಇವತ್ತು ಹತ್ತೋದು ನಾಟಕ. ನಾಟಕಕ್ಕೋಸ್ಕರ ನನ್ನ ಮಗ ಯಾಕೆ ಬೀಳಬೇಕು?"

ವರ್ನಾ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಚೀಲಕ್ಕೆ ಬ್ಯಾಟರಿ ತುಂಬುತ್ತಿದ್ದ ಸೊಸೆ ಲೀನೆಟ್ ತಲೆಯೆತ್ತಲಿಲ್ಲ. ಬಂಡೆ ಹತ್ತುವವರ ಕಿರುಚಿತ್ರ ತೆಗೆಯುವುದು ಅವಳ ಕಸುಬು. ಹತ್ತುವವನು ಮೊದಲು ತನಗಾಗಿ ಹತ್ತುತ್ತಾನೆ. ಆಮೇಲೆ ಕಷ್ಟದ ಜಾಗಗಳನ್ನು ಹತ್ತಿರದಿಂದ ತೆಗೆಯಲು ಇನ್ನೊಮ್ಮೆ ಹತ್ತುತ್ತಾನೆ. ಆ ಕಸುಬಿನ ರೂಢಿಯೇ ಹಾಗೆ. ಅತ್ತೆಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ವಯೋಮಿಂಗ್‌ನ ಆ ಕಣಿವೆಯಲ್ಲಿ, ಬಂಡೆಯಿಂದ ಬಿದ್ದು ಇಗರ್ಜಿಯ ಹಿಂದೆ ಮಣ್ಣಾದವರಲ್ಲಿ ಅವಳ ಗಂಡನೂ ಒಬ್ಬ. ಅಂದಿನಿಂದ, ಕೆಳಗೆ ನಿಂತು ಹಿಡಿಯಬೇಕಾದ ಮಗನ ಹಗ್ಗವನ್ನು ಅವಳು ಬೇರೆ ಯಾರ ಕೈಗೂ ಕೊಟ್ಟವಳಲ್ಲ. ಬೈಯುತ್ತಲೇ ಕೈಗವಸು ಹುಡುಕಿಕೊಂಡು ಹೊರಟಳು.

ಲೀನೆಟ್ ಬಂಡೆಯ ಹಿಂಬದಿಯಿಂದ ಹತ್ತಿ, ಮೇಲಿನಿಂದ ತನ್ನದೇ ಹಗ್ಗದಲ್ಲಿ ಇಳಿಬಿದ್ದು ಕ್ಯಾಮೆರಾ ತೆರೆದಳು. ಕೆಳಗೆ ಅವಳ ಗಂಡ ಗ್ರೇಡಿ ಸೊಂಟದ ಪಟ್ಟಿಗೆ ಹಗ್ಗ ಪೋಣಿಸಿ ಗಂಟು ಹಾಕುತ್ತಿದ್ದ. ವರ್ನಾ ಮತ್ತೆ ಶುರುಮಾಡಿದ್ದಳು: ಅಪ್ಪ ಸತ್ತಾಗ ನೀನು ನನ್ನ ಮಡಿಲಲ್ಲಿ ಮುಖ... ಅವನೂ ಅರ್ಧಕ್ಕೇ ಕೈ ಬಿಟ್ಟು ಏನೋ ಸಿಡುಕಿದ. ತಾಯಿಯ ಆ ಮುಖ, ಅದರ ಮೇಲೆ ಬಿದ್ದ ಬೆಳಗಿನ ಬಿಸಿಲು! ಲೀನೆಟ್‌ಗೆ ಅದನ್ನೂ ತೆಗೆಯುವ ಆಸೆಯಾಯಿತು.

"ಮಾತಾಡ್ತಾನೇ ಇರಿ, ತುಂಬಾ ಚೆನ್ನಾಗಿ ಬರ್ತಿದೆ," ಎಂದು ಮೇಲಿನಿಂದ ನಗುತ್ತ ಕೂಗಿದಳು.

ಅದನ್ನು ಕೇಳಿದ್ದೇ ವರ್ನಾ ಬಾಯಿ ಬಿಗಿದುಕೊಂಡಳು. ನೆಲ ಬಿಡುವ ಮೊದಲು ಹಗ್ಗ ಹಿಡಿಯುವವರು ಹತ್ತುವವನ ಗಂಟನ್ನು ಕಣ್ಣಾರೆ ನೋಡಿ, ಕೈಯಾರೆ ಎಳೆದು "ಸರಿ" ಅನ್ನಬೇಕು. ಅಂದು ಆ ಮಾತನ್ನು ಯಾರೂ ಆಡಲಿಲ್ಲ. ಗ್ರೇಡಿ ಹತ್ತತೊಡಗಿದ.

ಅವನು ತನಗಿಂತ ನಾಲ್ಕು ಮಾರು ಕೆಳಗಿನವರೆಗೆ ಬಂದಾಗ ಲೀನೆಟ್ ಮಸೂರವನ್ನು ಅವನ ಬೆರಳುಗಳಿಂದ ಸೊಂಟಕ್ಕೆ ಇಳಿಸಿದಳು. ಗಂಟು ಅರ್ಧಕ್ಕೇ ನಿಂತಿತ್ತು. ಒಮ್ಮೆ ತಿರುಗಿ ಬಂದ ಹಗ್ಗದ ತುದಿ ಮುಂದೆ ಎಲ್ಲಿಗೂ ಹೋಗದೆ ಗಾಳಿಗೆ ಅಲ್ಲಾಡುತ್ತಿತ್ತು. ಅದು ತಡೆಯುತ್ತಿದ್ದುದು ಹಗ್ಗದ ಭಾರವನ್ನಷ್ಟೇ. ಮನುಷ್ಯನ ಭಾರ ಬಿದ್ದರೆ... ಅವನ ಮುಂದೆ ಇದ್ದದ್ದು ಮೊನ್ನೆ ಎರಡು ಸಲ ಜಾರಿದ್ದ ಜಾಗ. ಕಿರುಚಿದರೆ ಬೆಚ್ಚುತ್ತಾನೆ. ನಿಜ ಹೇಳಿದರೆ ಕೈ ನಡುಗುತ್ತದೆ. ಸುಮ್ಮನಿದ್ದರೆ ಇನ್ನೊಂದು ಹಿಡಿತ, ಅಷ್ಟೇ. ದೇವರೇ, ನನ್ನ ದನಿ ನಡುಗದಿರಲಿ ಎಂದು ಬೇಡಿಕೊಂಡಳು.

"ಗ್ರೇಡಿ, ಅಲ್ಲೇ ನಿಲ್ಲು. ಬೆಳಕು ಸರಿಯಿಲ್ಲ."

"ಸೂರ್ಯನಿಗೂ ನೀನೇ ಹೇಳಿಕೊಡ್ತೀಯಾ?"

"ಆ ದೊಡ್ಡ ಬಿರುಕಲ್ಲಿ ಕೈ ತುರುಕಿ ನಿಂತ್ಕೋ. ನಾನೇ ಬರ್ತೀನಿ."

ಜಾಗ ಬದಲಿಸುವವಳ ಹಾಗೆ ಅವಳು ನಿಧಾನವಾಗಿ ಜಾರಿದಳು. ಆ ನಾಲ್ಕು ಮಾರು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಅವನ ಬೂಟು ಒಮ್ಮೆ ಕರಕ್ಕೆಂದಿತು. ಕೊನೆಗೆ ತನ್ನ ಸೊಂಟದ ಕೊಂಡಿಯನ್ನು ಅವನ ಪಟ್ಟಿಗೆ ಸಿಕ್ಕಿಸಿದಳು. ಕಟಕ್ ಎಂಬ ಸದ್ದು ಕೇಳಿದ ಮೇಲೆಯೇ ಅವಳಿಗೆ ಅಳು ಬಂತು.

"ಈಗ ನಿನ್ನ ಗಂಟು ನೋಡ್ಕೋ," ಎಂದಳು.

ಅವನು ನೋಡಿದ. ತುಂಬ ಹೊತ್ತು ನೋಡಿದ.

ಗಂಟು ಹೊಸದಾಗಿ ಬಿಗಿದು ಇಬ್ಬರೂ ಕೆಳಗಿಳಿದಾಗ ವರ್ನಾ ಹಂಗಿಸಿದಳು, ಮಹಾರಾಣಿಗೆ ಇವತ್ತು ಬಿಸಿಲೂ ಒಪ್ಪಿಗೆ ಆಗಲಿಲ್ಲವೇನೋ ಎಂದು. ಮಗ ಬಾಯಿ ತೆರೆಯುವಷ್ಟರಲ್ಲಿ ಲೀನೆಟ್ ಅವನ ತೋಳು ಒತ್ತಿದಳು. ಆದರೆ ಅವನ ಬೆರಳುಗಳು ಮತ್ತೆ ಮತ್ತೆ ಗಂಟನ್ನು ತಡಕುತ್ತಿದ್ದವು. ವರ್ನಾ ಆ ಬೆರಳುಗಳನ್ನೇ ನೋಡಿದಳು. ಮುದುಕಿಯ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ನಿನ್ನ ಗಂಟು ನಾನು ನೋಡ್ಲಿಲ್ಲ ಅಲ್ವಾ..." ಎಂದು ಕಲ್ಲಿನ ಮೇಲೆ ಕುಸಿದಳು.

ಲೀನೆಟ್ ಅವಳ ಮುಂದೆ ಮಂಡಿಯೂರಿದಳು. "ಮಾತಾಡ್ತಾ ಇರಿ ಅಂದೋಳು ನಾನು. ಅಳಿಸಿಬಿಡ್ತೀನಿ, ವರ್ನಾ. ಇವತ್ತಿನದು ಒಂದೂ ಉಳಿಯೋದಿಲ್ಲ."

"ಬೇಡ." ವರ್ನಾ ಕಣ್ಣೊರೆಸಿಕೊಳ್ಳಲಿಲ್ಲ. "ನನ್ನ ಬೈಗುಳವೂ ಇರಲಿ, ನಿನ್ನ ನಗುವೂ ಇರಲಿ. ಇನ್ಯಾವಳೋ ತಾಯಿ ಹಗ್ಗ ಹಿಡಿದು ನಿಂತಿರ್ತಾಳೆ. ಅವಳು ನೋಡಲಿ."

ಚಳಿಗಾಲ ಬರುವ ಹೊತ್ತಿಗೆ ಊರಿನ ಸಭಾಭವನದಲ್ಲಿ ಆ ಕಿರುಚಿತ್ರ ತೋರಿಸಿದರು. ಬಂದವರೆಲ್ಲ ಹತ್ತುವವರೇ. ಪರದೆಯ ಮೇಲೆ ಆ ಬಿಡಿ ತುದಿ ಅಲ್ಲಾಡಿದಾಗ, ಕತ್ತಲಲ್ಲಿ ಎಷ್ಟೋ ಕೈಗಳು ತಮಗರಿಯದೆ ಸೊಂಟ ಮುಟ್ಟಿಕೊಂಡವು. ಲೀನೆಟ್ ಕಣ್ಣು ಮುಚ್ಚಿದಳು. ಪಕ್ಕದಲ್ಲಿ ಕುಳಿತಿದ್ದ ವರ್ನಾ ಮುಖ ತಿರುಗಿಸಲಿಲ್ಲ. ಸುಮ್ಮನೆ ಕೈ ಚಾಚಿ ಸೊಸೆಯ ಮುಂಗೈ ಹಿಡಿದಳು. ಬಿಗಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ, ಇನ್ನೊಂದು ತುದಿಯಲ್ಲಿ ಜೀವವಿದೆ ಎಂದು ಬಲ್ಲವರು ಹಿಡಿಯುವ ಹಾಗೆ.