ಕೈ ಎತ್ತದೆ ಒಂದು ಸುತ್ತು

ಬಹಳ ಹಿಂದೆ, ಮೋಡಗಳು ಮನೆಯ ಮಾಡಿಗೆ ತಾಗುವಷ್ಟು ಕೆಳಗೆ ಓಡಾಡುತ್ತಿದ್ದ ಕಾಲದಲ್ಲಿ, ಗಾಳಿಕೋಟೆ ಎಂಬ ರಾಜ್ಯವಿತ್ತು. ಅಲ್ಲಿಯ ವ್ಯಾಪಾರಿಗಳು ಗಾಡಿ ಕಟ್ಟುತ್ತಿರಲಿಲ್ಲ. ಮರದ ಹದ್ದು ಏರಿ ಹಾರುತ್ತಿದ್ದರು. ಮೆಣಸು ಮಾರುವ ಕೇತಯ್ಯನಿಗೂ ಒಂದು ಹದ್ದಿತ್ತು. ಜೊತೆಗೆ ಒಬ್ಬಳೇ ತಂಗಿ, ಹೊನ್ನಲೆ. ಬೆಳಿಗ್ಗೆ ಬಾಯಿ ತೆರೆದರೆ ಮಲಗುವ ತನಕ ಮುಚ್ಚುವವಳಲ್ಲ.

ಒಂದು ದಿನ ತೊಗಲುರೆಕ್ಕೆಯ ಮಾಂತ್ರಿಕ ಅವಳ ದನಿಯನ್ನೇ ಕದ್ದು ಕುಡಿಕೆಯಲ್ಲಿ ತುಂಬಿಕೊಂಡ. ಅಮಾವಾಸ್ಯೆಯೊಳಗೆ ಮರಳಿ ತರದಿದ್ದರೆ ಅವಳು ಜನ್ಮಕ್ಕೂ ಮೂಕಿ. ಮನೆ ಬಿಕೋ ಅನ್ನತೊಡಗಿತು. ಕೇತಯ್ಯನಿಗೆ ತುತ್ತು ಇಳಿಯಲಿಲ್ಲ. ಏಳು ಬೆಟ್ಟದಾಚೆ ಇರುವ ಮಾಂತ್ರಿಕನ ಗುಹೆಗೆ ಹೊರಟೇಬಿಟ್ಟ.

ಹದ್ದು ಏರುವವರಿಗೆ ಅಲ್ಲೊಂದು ಕಟ್ಟುಪಾಡಿತ್ತು. ಮೊದಲು ಕೊಕ್ಕಿನ ಮೇಲೆ ಕೈಯಿಟ್ಟು, ಕೈ ಎತ್ತದೆ ಮೈಯೆಲ್ಲ ಸವರುತ್ತ ಒಂದು ಸುತ್ತು ಬರಬೇಕು. ಸಡಿಲ ಕೀಲು, ಸವೆದ ಹಗ್ಗ ಎಲ್ಲ ಕೈಗೇ ಸಿಗುತ್ತವೆ. ನಡುವೆ ಕೈ ಎತ್ತಿದರೆ ಮತ್ತೆ ಕೊಕ್ಕಿನಿಂದಲೇ ಶುರು. ಆದರೆ ಕೇತಯ್ಯ ದಾಕ್ಷಿಣ್ಯದ ಪ್ರಾಣಿ. ಮಾತಾಡಿಸಿದವರಿಗೆ ಉತ್ತರ ಕೊಡದೆ ಇರಲಾರ.

ಸಂತೆ ಬಯಲಿನ ಅಂಚಿನಲ್ಲಿ ಹದ್ದು ನಿಲ್ಲಿಸಿ ಸುತ್ತು ಶುರುಮಾಡಿದ. ಕೈ ಎಡರೆಕ್ಕೆಯ ಹತ್ತಿರ ಬಂದಿತ್ತು. ಸಂತೆಯ ಗದ್ದಲದೊಳಗಿಂದ ಒಂದು ದನಿ ಕೇಳಿತು: "ಕೇತಯ್ಯಾ, ಮೆಣಸಿನ ಧಾರಣೆ ಹೆಂಗೈತಪ್ಪಾ?"

"ಪರವಾಗಿಲ್ಲ ಯಜಮಾನ್ರೇ, ಏರೈತೆ!" ಎಂದು ಕೈಯೆತ್ತಿ ಹೇಳಿದ. ಕೇಳಿದವರು ಯಾರೋ ಗೊತ್ತಾಗಲಿಲ್ಲ. ರೆಕ್ಕೆ ಮುಗಿಯಿತೆಂದುಕೊಂಡು ಮುಂದಕ್ಕೆ ಸವರಿ ಹಾರಿದ. ಹದ್ದು ಎಡಕ್ಕೆ ವಾಲಿ ಹೊಲಕ್ಕೆ ಬಿತ್ತು.

ಗಾಬರಿಯಲ್ಲಿ ಹಗ್ಗ, ಕೀಲು, ಗರಿ ಮೂರನ್ನೂ ಒಟ್ಟಿಗೇ ಬದಲಾಯಿಸಿದ. ಮತ್ತೆ ಸುತ್ತು ಹೊರಟ. ಕೈ ಕತ್ತಿನ ಹತ್ತಿರ ಬಂದಾಗ ಇನ್ನೊಂದು ದನಿ: "ಅರಮನೆಗೆ ದಾರಿ ಯಾವುದಣ್ಣಾ?" ಕೇತಯ್ಯ ತಿರುಗಿ ಬೆರಳು ತೋರಿಸಿದ. ಬಿಟ್ಟಲ್ಲಿಂದಲೇ ಸವರಿ ಮುಗಿಸಿ ಹಾರಿದ. ಈ ಸಲ ಹದ್ದು ಮೂತಿ ಅಡಿಯಾಗಿ ಬಿತ್ತು.

ಅವನಿಗೆ ತಲೆಬುಡ ತಿಳಿಯಲಿಲ್ಲ. ಎಡಕ್ಕೆ ವಾಲುತ್ತಿದ್ದದ್ದು ಮುಂದಕ್ಕೆ ಯಾಕೆ ವಾಲಿತು? ಹೊಸ ಹಗ್ಗದ ತಪ್ಪೋ, ಕೀಲಿನದೋ, ಗರಿಯದೋ? ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ಯಾವುದನ್ನು ದೂರಬೇಕೆಂದೇ ತೋಚಲಿಲ್ಲ. ಹಳೆಯ ಹಗ್ಗ ಮತ್ತೆ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ನಾಳೆಯೇ ಅಮಾವಾಸ್ಯೆ. ಅಳು ಬಂತು. ಬೇರೇನೂ ತೋಚದೆ ಮತ್ತೆ ಕೊಕ್ಕಿನ ಮೇಲೆ ಕೈಯಿಟ್ಟ.

ಕೈ ಬಾಲದ ಹತ್ತಿರ ಬಂತು.

"ಅಣ್ಣಾ! ಇಲ್ಲಿ ನೋಡಣ್ಣಾ, ನಾನು ಕಣೋ!"

ಹೊನ್ನಲೆಯದೇ ದನಿ! ಕೇತಯ್ಯನ ಕೈ ಇನ್ನೇನು ಮೇಲೇಳಬೇಕು, ಅಷ್ಟರಲ್ಲಿ ಹೊಳೆಯಿತು. ತಂಗಿಗೆ ದನಿಯೇ ಇಲ್ಲವಲ್ಲ! ದನಿ ಇರುವುದು ಕಳ್ಳನ ಹತ್ತಿರ. ಹಾಗಾದರೆ ಕಳ್ಳ ಗುಹೆಯಲ್ಲಿಲ್ಲ, ಇಲ್ಲೇ ಇದ್ದಾನೆ. ಧಾರಣೆ ಕೇಳಿದವನೂ ಅವನೇ, ದಾರಿ ಕೇಳಿದವನೂ ಅವನೇ. ತಾನು ಅಡಗಿದ ಕಡೆ ಕೈ ಬಂದಾಗಲೆಲ್ಲ ಮಾತಾಡಿಸಿದ್ದಾನೆ, ಹದ್ದು ವಾಲಿದ್ದೂ ಅವನ ಭಾರಕ್ಕೇ!

"ಅಣ್ಣಾ, ನನ್ನ ಮರೆತುಬಿಟ್ಟೆಯಾ?" ದನಿ ಬಿಕ್ಕಿತು.

ಕೇತಯ್ಯನ ಕಣ್ಣಲ್ಲಿ ನೀರು ಸುರಿಯಿತು, ಆದರೆ ಕೈ ಎತ್ತಲಿಲ್ಲ. ಬಾಲದ ಅಡಿಗೆ ಸವರಿದ. ಬೆಚ್ಚಗಿನ ತೊಗಲು ಕೈಗೆ ಸಿಕ್ಕಿತು. ಬಾವಲಿಯಾಗಿ ನೇತಾಡುತ್ತಿದ್ದ ಮಾಂತ್ರಿಕ! ಗಪ್ಪನೆ ಹಿಡಿದೆಳೆದ. ಕುಡಿಕೆ ನೆಲಕ್ಕೆ ಬಿದ್ದು ಒಡೆಯಿತು. ಮಾಂತ್ರಿಕನ ಬಲವೆಲ್ಲ ಅದರಲ್ಲೇ ಇತ್ತು; ಅವನು ಒಣ ತೊಗಲಾಗಿ ಗಾಳಿಗೆ ಹಾರಿಹೋದ.

ಕೇತಯ್ಯ ಮನೆಗೆ ಓಡಿದ. ಹೊನ್ನಲೆ ಬಾಗಿಲಲ್ಲೇ ಶುರುಮಾಡಿದ್ದಳು: "ಎಷ್ಟು ಹೊತ್ತು ಮಾಡಿದ್ಯೋ? ಊಟ ಮಾಡಿದ್ಯಾ? ಅಂಗಿಯೆಲ್ಲ ಏನಿದು ಮಣ್ಣು?"

ಅಲ್ಲಿಂದ ಮುಂದೆ ಗಾಳಿಕೋಟೆಯ ಹದ್ದುಗಳು ವಾಲಲಿಲ್ಲ, ಮಂದಿ ಸುಖವಾಗಿದ್ದರು. ಹೊನ್ನಲೆಯಂತೂ ದಿನವಿಡೀ ಮಾತಾಡಿದಳು. ಅಣ್ಣ ಹದ್ದಿನ ಕೊಕ್ಕಿನ ಮೇಲೆ ಕೈಯಿಟ್ಟಾಗ ಮಾತ್ರ, ಸೆರಗನ್ನು ಬಾಯಿಗೆ ಅದುಮಿಕೊಂಡು, ಅವನ ಸುತ್ತು ಮುಗಿಯುವ ತನಕ ತುಟಿ ಬಿಚ್ಚದೆ ನಿಲ್ಲುತ್ತಿದ್ದಳು.