ಬರೀ ಗಾಜಿನ ಕನ್ನಡಕ

ದೂರು ಠಾಣೆಗೆ ಬಂದದ್ದು ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ. ದೂರುದಾರರು ವೈದ್ಯರು. ಪರದೇಶದಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕಿದವರ ದೇಹಪರೀಕ್ಷೆ ಮಾಡಿ ವರದಿ ಕಳಿಸುವ ಕ್ಲಿನಿಕ್ ಅವರದು. ಕುರ್ಚಿಯ ತುದಿಯಲ್ಲಿ ಕೂತು, ಇನ್‌ಸ್ಪೆಕ್ಟರ್ ಮುಖ ನೋಡದೆ, ಮೇಜಿನ ಮೇಲಿನ ಪೇಪರ್‌ವೇಟಿಗೆ ಹೇಳುವವರಂತೆ ಮಾತು ಶುರು ಮಾಡಿದರು.

“ಸೋಮವಾರ ಒಬ್ಬ ಹೆಂಗಸನ್ನ ಪರೀಕ್ಷೆ ಮಾಡಿದೆ ಮೇಡಂ. ವಯಸ್ಸು ಅರವತ್ತೆರಡು. ಗಂಡನೂ ಜೊತೆಗಿದ್ದರು. ಆಕೆಯ ಕಿಡ್ನಿ ಕಲ್ಲುಗುಂಡಿನ ಹಾಗಿತ್ತು.”

“ಕಲ್ಲಾಗಿತ್ತಾ ಸರ್?” ಹೇಳಿಕೆ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ತಲೆ ಎತ್ತಿದ. ಬಾಯಿ ಮುಚ್ಚುವುದೇ ಇಲ್ಲವೆಂದು ಠಾಣೆಯಲ್ಲಿ ಎಲ್ಲರೂ ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದರು.

“ಗಟ್ಟಿಯಾಗಿತ್ತು ಅಂದೆ. ನಿನ್ನೆ ರಜೆಯಲ್ಲಿದ್ದ ಡಾಕ್ಟರ್ ಸ್ನೇಹಿತರೊಬ್ಬರ ಬದಲಿಗೆ ಡ್ಯೂಟಿಗೆ ಅಂತ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ ಹೋಗಿದ್ದೆ. ಅಲ್ಲಿ ಅದೇ ಹೆಸರು, ಅದೇ ಹುಟ್ಟಿದ ದಿನ, ಅದೇ ವಿಳಾಸ. ಹೆಂಗಸು ಬೇರೆ. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಮೆಷೀನು ಅವರ ರಕ್ತ ಶುದ್ಧಿ ಮಾಡ್ತಿದೆ. ಅವರು ಹೋಗೋ ಕಡೆ ಮೆಷೀನು ಕೆಟ್ಟಿತ್ತಂತೆ, ಅದಕ್ಕೆ ಅಲ್ಲಿಗೆ ಬಂದಿದ್ದರು.”

“ಮೂರು ದಿನದಲ್ಲಿ ಕಿಡ್ನಿ ಹೋಗೋದು ಸಾಧ್ಯ ಇಲ್ವಾ?” ಎಂದಳು ಇನ್‌ಸ್ಪೆಕ್ಟರ್.

“ಹೋಗಬಹುದು. ಎರಡು ವರ್ಷದ ಹಿಂದೆಯೇ ಹೋಗಿರೋದು ಸಾಧ್ಯ ಇಲ್ಲ.”

ಇನ್‌ಸ್ಪೆಕ್ಟರ್ ನಗಲಿಲ್ಲ. ಬೇರೊಬ್ಬಳನ್ನು ಪರೀಕ್ಷೆಗೆ ಕೂರಿಸಿದರೆ ಅವರಿಗೇನು ಸಿಗುತ್ತದೆ ಎಂದು ಕೇಳಿದಳು.

“ಮಗಳು ಅಲ್ಲಿದ್ದಾಳೆ, ಅಪ್ಪ ಅಮ್ಮನನ್ನ ಕರೆಸಿಕೊಳ್ಳೋಕೆ ಅರ್ಜಿ ಹಾಕಿದ್ದಾಳೆ. ಆ ದೇಶದ ಸರ್ಕಾರಕ್ಕೆ ಹೆಚ್ಚು ಖರ್ಚು ತರೋ ರೋಗ ಇದ್ದರೆ ಒಳಗೆ ಬಿಡಲ್ಲ. ಒಬ್ಬರು ಫೇಲಾದರೆ ಜೊತೆಯವರೂ ಫೇಲು.”

“ವರದಿ ಕಳಿಸಿಬಿಟ್ಟಿದ್ದೀರಾ?”

“ಮಂಗಳವಾರವೇ. ನನ್ನ ಸಹಿ ಇದೆ.” ವೈದ್ಯರ ಕಿವಿ ಕೆಂಪಾಯಿತು. “ಅವರ ಮೇಲೆ ನನಗೆ ಸಿಟ್ಟಿಲ್ಲ ಮೇಡಂ. ಸುಮ್ಮನಿದ್ದರೆ ಈ ಪರೀಕ್ಷೆ ಮಾಡೋಕೆ ಆ ದೇಶ ಕೊಟ್ಟಿರೋ ಅಧಿಕಾರ ಹೋಗುತ್ತೆ. ಅದಕ್ಕೇ ಬಂದಿದ್ದು, ನಿಜ ಹೇಳಬೇಕು ಅಂದರೆ.”

ಬೇರೆಯವರ ಸೋಗಿನಲ್ಲಿ ವಂಚನೆ ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಪಂಚನಾಮೆ ನಡೆಯಿತು. ಲ್ಯಾಬಿನ ಫ್ರಿಜ್ಜಿನಲ್ಲಿ ಉಳಿದಿದ್ದ ರಕ್ತದ ಕೊಳವೆಯನ್ನು ಮೊಹರು ಮಾಡಿದರು. ಸೋಮವಾರ ತೆಗೆದ ಫೋಟೋವನ್ನೂ ವಶಕ್ಕೆ ಪಡೆದರು. ದಪ್ಪ ಚೌಕಟ್ಟಿನ ಕನ್ನಡಕ ಹಾಕಿ, ತುಟಿ ಬಿಗಿಹಿಡಿದು, ಕ್ಯಾಮೆರಾದಿಂದ ಕಣ್ಣು ತಪ್ಪಿಸಿದ ಮುಖ. ಪಾಸ್‌ಪೋರ್ಟಿನ ಹಳೆಯ ಚಿತ್ರದ ಪಕ್ಕದಲ್ಲಿಟ್ಟರೆ ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ.

ಅಂದು ಪರೀಕ್ಷೆಯ ಕೋಣೆಯಲ್ಲಿದ್ದ ನರ್ಸ್ ಮಾತಿಗೆ ಧಾರಾಳಿ.

“ಚೆನ್ನಾಗಿ ನೆನಪಿದೆ ಮೇಡಂ. ಗಂಡ ಹೆಂಡತಿಗೆ ‘ಕಾಲು ನೋಡಿ ಇಡಿ, ನಿಧಾನವಾಗಿ ಇಳೀರಿ’ ಅಂತಿದ್ದರು. ನಾನು ತಮಾಷೆಗೆ, ನಮ್ಮ ಮನೆಯವರಿಗೂ ಸ್ವಲ್ಪ ಹೇಳಿಕೊಡಿ ಸರ್, ಮದುವೆ ಆದಾಗಿನಿಂದ ನನ್ನ ಹೆಸರು ‘ಏ’ ಅಂತಾನೇ ಆಗಿದೆ ಅಂದೆ.”

“ಅವರು ನಕ್ಕರಾ?”

“ಇಲ್ಲ. ಇಬ್ಬರೂ ನೆಲ ನೋಡಿದರು. ನಾನೇ ಹೆಚ್ಚು ಮಾತಾಡಿಬಿಟ್ಟೆನೇನೋ ಅಂತ ಆಮೇಲೆ ಸಂಕಟ ಆಯ್ತು.”

ಇನ್‌ಸ್ಪೆಕ್ಟರ್ ಆ ಮಾತನ್ನು ಇದ್ದದ್ದು ಇದ್ದ ಹಾಗೆಯೇ ಬರೆಸಿದಳು. ಬಹುವಚನವನ್ನೂ ಬಿಡದೆ.

ಕೊಳವೆಯ ರಕ್ತದ ಗುಂಪನ್ನು ಡಯಾಲಿಸಿಸ್ ವಾರ್ಡಿನ ದಾಖಲೆಯ ಜೊತೆ ಹೋಲಿಸಿದರು. ಎರಡೂ ಒಂದೇ ಗುಂಪು.

“ಕೇಸು ಮಣ್ಣುಪಾಲು,” ಎಂದ ರೇಡಿಯೋ.

“ಗುಂಪು ಒಂದೇ, ಮುಖವೂ ಹತ್ತಿರ ಹತ್ತಿರ. ಯಾರಿರಬಹುದು?”

“ಒಡಹುಟ್ಟಿದವರು.” ರೇಡಿಯೋ ಅಷ್ಟೇ ಹೇಳಿ ಸುಮ್ಮನಾದದ್ದು ಅಂದು ಅದೊಂದೇ ಸಲ.

ವಿಳಾಸ ಹಿಡಿದು ಹೋದರೆ ಅದು ಕನ್ನಡಕದ ಅಂಗಡಿ. ಹಿಂದುಗಡೆಯೇ ಮನೆ. ಗಾಜಿನ ಕಪಾಟುಗಳಲ್ಲಿ ಚೌಕಟ್ಟುಗಳು ಸಾಲಾಗಿ ಕೂತು, ಬಂದವರನ್ನು ಕಣ್ಣಿಲ್ಲದೆ ನೋಡುತ್ತಿದ್ದವು. ಸಣ್ಣ ತಿರುಪುಳಿ ಹಿಡಿದು ಕೂತಿದ್ದ ಅಂಗಡಿಯವರು ಪೊಲೀಸರನ್ನು ಕಂಡು ಎದ್ದರು. ಒಳಬಾಗಿಲ ಕಡೆ ತಿರುಗಿ ಕೂಗಿದರು.

“ಏ, ಇಲ್ಲಿ ಬಾರೇ. ಯಾರೋ ಬಂದಿದ್ದಾರೆ.”

ಬಂದವಳು ಹೆಂಡತಿ. ಮುಖ ಊದಿತ್ತು, ಚರ್ಮ ಬೂದಿ ಬಣ್ಣಕ್ಕೆ ತಿರುಗಿತ್ತು. ಸೆಕೆಯಲ್ಲೂ ತೋಳು ಮುಚ್ಚುವ ಹಾಗೆ ಶಾಲು ಹೊದ್ದಿದ್ದಳು. ಅವಳ ಹಿಂದೆಯೇ ಇನ್ನೊಬ್ಬ ಹೆಂಗಸು ತಟ್ಟೆಯಲ್ಲಿ ನೀರಿನ ಲೋಟ ಇಟ್ಟುಕೊಂಡು ಬಂದಳು. ಬೆನ್ನು ನೆಟ್ಟಗೆ, ಹೆಜ್ಜೆ ಹಗುರ. ಅಂಗಡಿಯವರು ಮುಂದೆ ಹೋಗಿ ತಟ್ಟೆಗೆ ಕೈಚಾಚಿದರು.

“ಅಯ್ಯೋ ಅತ್ತಿಗೆ, ನೀವ್ಯಾಕೆ ತರೋಕೆ ಹೋದ್ರಿ? ಕೊಡಿ ಇಲ್ಲಿ.”

ಇನ್‌ಸ್ಪೆಕ್ಟರ್ ಲೋಟ ಎತ್ತಿಕೊಂಡಳು, ಕುಡಿಯದೆ ಗಾಜಿನ ಕಪಾಟಿನ ಮೇಲಿಟ್ಟಳು. ಫೋಟೋ ತೆಗೆದು ತೋರಿಸಿದಳು.

“ಇದು ಯಾರು?”

“ನನ್ನ ಹೆಂಡತಿ.”

“ನಾನೇ,” ಎಂದಳು ಹೆಂಡತಿ, ಮೂಗಿನ ಮೇಲಿನ ದಪ್ಪ ಚೌಕಟ್ಟನ್ನು ಸರಿಮಾಡಿಕೊಳ್ಳುತ್ತ. “ಕನ್ನಡಕ ನೋಡಿ.”

“ಈ ಥರದ್ದು ಮನೇಲಿ ಇದೊಂದೇನಾ?”

“ಒಂದೇ.”

ಶೋಧ ಬಹಳ ಹೊತ್ತು ಹಿಡಿಯಲಿಲ್ಲ. ರಿಪೇರಿ ಡ್ರಾಯರಿನ ತಳದಲ್ಲಿ, ಒರೆಸುವ ಬಟ್ಟೆಯಲ್ಲಿ ಸುತ್ತಿಟ್ಟ ಅದೇ ಬಣ್ಣದ, ಅದೇ ಅಳತೆಯ ಇನ್ನೊಂದು ಕನ್ನಡಕ ಸಿಕ್ಕಿತು. ಬಾಟಲಿ ತಳದಂಥ ಕನ್ನಡಕ ಹಾಕುವ ರೇಡಿಯೋ ತನ್ನದನ್ನು ತೆಗೆದು ಅದನ್ನು ಏರಿಸಿಕೊಂಡ.

“ಮೇಡಂ, ನೀವು ಎಲ್ಲಿದ್ದೀರಿ ಅಂತಾನೇ ಕಾಣ್ತಿಲ್ಲ. ಇದಕ್ಕೆ ಪವರ್ರೇ ಇಲ್ಲ. ಬರೀ ಗಾಜು.”

“ಅದು ಪ್ರದರ್ಶನಕ್ಕೆ ಇಟ್ಟಿದ್ದು,” ಎಂದರು ಅಂಗಡಿಯವರು.

“ಪ್ರದರ್ಶನಕ್ಕೆ ಇಡೋದನ್ನ ಬಟ್ಟೆ ಸುತ್ತಿ ಬಚ್ಚಿಡ್ತೀರಾ?”

ಇನ್‌ಸ್ಪೆಕ್ಟರ್ ನರ್ಸಿನ ಹೇಳಿಕೆ ಓದಿದಳು. ಕಾಲು ನೋಡಿ ಇಡಿ. ನಿಧಾನವಾಗಿ ಇಳೀರಿ.

“ಮನೇಲಿ ‘ಏ, ಬಾರೇ’. ಕ್ಲಿನಿಕ್ಕಿನಲ್ಲಿ ‘ಇಳೀರಿ’. ಅದು ನಿಮ್ಮ ಹೆಂಡತಿನೇ ಆಗಿದ್ದರೆ ನನ್ನದು ತಪ್ಪು ಅಂತ ಒಪ್ಪಿಕೊಳ್ತೀನಿ. ಒಂದೇ ಒಂದು ಕೆಲಸ ಮಾಡಿ. ನಿಮ್ಮ ಅತ್ತಿಗೆಯವರಿಗೆ ‘ನೀನು ಒಳಗೆ ಹೋಗು’ ಅನ್ನಿ.”

ಅಂಗಡಿಯವರು ಬಾಯಿ ತೆರೆದರು. “ನೀ...” ಎಂದರು. ಇನ್ನೊಮ್ಮೆ ಪ್ರಯತ್ನಿಸಿ, ಕೈಯಲ್ಲಿದ್ದ ತಿರುಪುಳಿಯನ್ನು ಕೆಳಗಿಟ್ಟರು.

“ಅವರಿಂದ ಆಗಲ್ಲ ಬಿಡಿ ಮೇಡಂ,” ಎಂದಳು ಹೆಂಡತಿ. ನಗೆಯೋ ಏದುಸಿರೋ ಗೊತ್ತಾಗಲಿಲ್ಲ. “ನಲವತ್ತು ವರ್ಷದಿಂದ ನನ್ನ ಪಾಲಿನ ಮರ್ಯಾದೆನೂ ಸೇರಿಸಿ ಅಕ್ಕನಿಗೇ ಕೊಟ್ಟಿದ್ದಾರೆ.”

“ಎಲ್ಲಾ ನನ್ನ ಯೋಚನೆ,” ಎಂದರು ಅಂಗಡಿಯವರು ಥಟ್ಟನೆ. “ಅತ್ತಿಗೆಗೆ ಏನೂ ಗೊತ್ತಿಲ್ಲ. ನಾನು ಹೇಳಿದ ಹಾಗೆ ಕೇಳಿದರು, ಅಷ್ಟೇ.”

“ಸುಳ್ಳು ಹೇಳಬೇಡಿ,” ಎಂದಳು ಅಕ್ಕ. ಅವಳ ದನಿ ಎಲ್ಲರೂ ಕೇಳಿದ್ದು ಆಗಲೇ. “ಯೋಚನೆ ನನ್ನದು. ಒಂದು ವಾರ ಅವರ ಬೆನ್ನು ಬಿದ್ದೆ. ಕನ್ನಡಕ ಮಾತ್ರ ಅವರು ಮಾಡಿದ್ದು. ಅದನ್ನ ಕೊಡೋವಾಗ ನನ್ನ ಮುಖ ನೋಡಲಿಲ್ಲ.”

“ಮಗಳಿಗೆ ಗೊತ್ತಾ?”

ಉತ್ತರ ಕೊಟ್ಟಿದ್ದು ಹೆಂಡತಿ. “ನನಗೆ ಕಾಯಿಲೆ ಅಂತಾನೇ ಅವಳಿಗೆ ಗೊತ್ತಿಲ್ಲ. ಫೋನಿನಲ್ಲಿ ಮುಖ ತೋರಿಸೋವಾಗ ತೋಳು ಮುಚ್ಕೊಂಡು ಕೂರ್ತೀನಿ. ಅಲ್ಲಿ ಮೊಮ್ಮಗ ಹುಟ್ಟಿ ವರ್ಷ ಆಯ್ತು. ಎತ್ತಿಕೊಳ್ಳೋ ಶಕ್ತಿ ಇರೋವಾಗಲೇ ಹೋಗಿಬಿಡಬೇಕು ಅನ್ನಿಸ್ತು. ಒಳಗೆ ಹೋದ ಮೇಲೆ ಯಾರಾದರೂ ಹೊರಗೆ ಹಾಕ್ತಾರಾ, ಅಂದುಕೊಂಡ್ವಿ.”

ಇನ್‌ಸ್ಪೆಕ್ಟರ್ ಅಕ್ಕನ ಕಡೆ ತಿರುಗಿದಳು. “ನೀವೂ ಅವರ ಜೊತೆ ಹೋಗೋರಿದ್ರಾ?”

“ಅಪ್ಪ ಅಮ್ಮನನ್ನ ಕರೆಸಿಕೊಳ್ಳಬಹುದು. ದೊಡ್ಡಮ್ಮನನ್ನ ಕರೆಸಿಕೊಳ್ಳೋಕೆ ಅವರ ಕಾನೂನಿನಲ್ಲಿ ಜಾಗ ಇಲ್ಲ.”

“ಮತ್ತೆ ನಿಮಗೇನು ಸಿಗ್ತಿತ್ತು?”

ಅಕ್ಕ ತಂಗಿಯ ಕಡೆ ನೋಡಿದಳು. ತಂಗಿ, “ಬೇಡ ಬಿಡಕ್ಕ,” ಎಂದಳು. ಅದೇ ತಡ, ಅಕ್ಕ ಮಾತಾಡಿದಳು.

“ಎರಡು ವರ್ಷದ ಹಿಂದೆ ಇವಳಿಗೆ ಕಿಡ್ನಿ ಕೊಡ್ತೀನಿ ಅಂದಿದ್ದೆ. ಎಲ್ಲಾ ಹೊಂದಿಕೆ ಆಗಿತ್ತು. ಆಪರೇಷನ್ ದಿನ ಬೆಳಿಗ್ಗೆ ಇವಳನ್ನ ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ‘ಹೆದರಬೇಡ ಅಕ್ಕ’ ಅಂತ ಇವಳೇ ನನಗೆ ಧೈರ್ಯ ಹೇಳಿದಳು. ಬಾತ್‌ರೂಮಿಗೆ ಹೋಗಿ ಬರ್ತೀನಿ ಅಂದೆ. ಆಸ್ಪತ್ರೆ ಗೌನಿನ ಮೇಲೆ ಶಾಲು ಹೊದ್ದು, ಮೆಟ್ಟಿಲಿಳಿದು, ಸಿಕ್ಕಿದ ಬಸ್ಸು ಹತ್ತಿಬಿಟ್ಟೆ. ಕೊನೇ ಸ್ಟಾಪಿನವರೆಗೂ ಹೋದೆ. ಕಂಡಕ್ಟರು ನನ್ನ ಕೈಯಲ್ಲಿದ್ದ ಆಸ್ಪತ್ರೆ ಪಟ್ಟಿ ನೋಡಿ ಟಿಕೆಟ್ಟೇ ಕೇಳಲಿಲ್ಲ.”

ಅಕ್ಕ ಆ ಪಟ್ಟಿ ಇದ್ದ ಮಣಿಕಟ್ಟನ್ನು ಉಜ್ಜಿಕೊಂಡಳು.

“ಮೂರು ದಿನ ಬಿಟ್ಟು ಬಂದೆ. ಬಾಗಿಲು ತೆಗೆದರು, ಊಟಕ್ಕೆ ಕರೆದರು. ಅವತ್ತಿನಿಂದ ಇವತ್ತಿನವರೆಗೆ ಇಬ್ಬರೂ ಒಂದು ಮಾತು ಅಂದಿಲ್ಲ. ಬೈದಿದ್ದರೆ ಬದುಕಿಕೊಳ್ತಿದ್ದೆ ಮೇಡಂ.”

“ಈಗ ಕೊಡಬಹುದಿತ್ತಲ್ಲ?”

“ಕೇಳಿದೆ. ಈಗ ಇವಳ ಹೃದಯ ತಡೆಯಲ್ಲ ಅಂದರು ಡಾಕ್ಟರು. ಕೊಡಬೇಕಾದ್ದನ್ನ ಕೊಡಬೇಕಾದಾಗ ಕೊಡಲಿಲ್ಲ. ಅದಕ್ಕೇ, ಅರ್ಧ ಗಂಟೆ ಮಟ್ಟಿಗಾದರೂ ನನ್ನ ಮೈ ಇವಳದಾಗಲಿ ಅಂತ ಹೋದೆ.”

ಎರಡು ಕನ್ನಡಕಗಳನ್ನು ಬೇರೆ ಬೇರೆ ಲಕೋಟೆಗಳಲ್ಲಿ ಹಾಕಿಸಬೇಕಿತ್ತು. ಹೆಂಡತಿ ತನ್ನದನ್ನು ತೆಗೆದುಕೊಡಲು ಕೈ ಎತ್ತಿದಾಗ ಇನ್‌ಸ್ಪೆಕ್ಟರ್ ತಡೆದಳು. “ನಿಮ್ಮದು ಬೇಡ. ಅಳತೆ ಬರೆದುಕೊಂಡರೆ ಸಾಕು.” ಅಂಗಡಿಯವರಿಗೆ ಸೋಮವಾರ ಠಾಣೆಗೆ ಹಾಜರಾಗಲು ನೋಟಿಸು ಕೊಟ್ಟಳು. ನಾಳೆ ಹೆಂಡತಿಯನ್ನು ಮೆಷೀನಿಗೆ ಕರೆದೊಯ್ಯಲು ಮನೆಯಲ್ಲಿ ಒಬ್ಬರು ಬೇಕಿತ್ತು. ಅಕ್ಕನನ್ನು ಬಂಧಿಸಲಾಯಿತು. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ; ಹೊರಗೆ ಇನ್ನೂ ಬಿಸಿಲಿತ್ತು.

ಬಂಧನದ ವಿಷಯವನ್ನು ಯಾರಿಗೆ ತಿಳಿಸಬೇಕೆಂದು ರೇಡಿಯೋ ಕೇಳಿದ. ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ತಂಗಿ ಮುಂದೆ ಬಂದು, ಬಂಧನದ ಕಾಗದದ ಮೇಲೆ ಅಕ್ಷರ ಕೂಡಿಸಿ ಸಹಿ ಹಾಕಿದಳು. ಆಮೇಲೆ ತಾನು ಹೊದ್ದಿದ್ದ ಶಾಲನ್ನು ತೆಗೆದು ಅಕ್ಕನ ಹೆಗಲಿಗೆ ಹಾಕಿದಳು. ಎರಡು ವರ್ಷ ಸೂಜಿ ಚುಚ್ಚಿಸಿಕೊಂಡು ಗಂಟುಗಂಟಾದ ತೋಳು ಎಲ್ಲರಿಗೂ ಕಂಡಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಬಂಧಿತರನ್ನು ವೈದ್ಯಕೀಯ ತಪಾಸಣೆಗೆ ಒಳಪಡಿಸುವುದು ನಿಯಮ. ಸರ್ಕಾರಿ ಆಸ್ಪತ್ರೆಯ ಡ್ಯೂಟಿ ಡಾಕ್ಟರು ಯುವಕ, ಅವಸರದಲ್ಲಿದ್ದ. ಹೆಸರು ಕೇಳಿದ. ಅಕ್ಕ ತನ್ನ ಹೆಸರು ಹೇಳಿದಳು, ಸ್ವಲ್ಪ ತಡೆದು.

“ಶುಗರ್?”

“ಇಲ್ಲ.”

“ಬಿಪಿ? ಹಾರ್ಟು?”

“ಇಲ್ಲ.”

“ಕಿಡ್ನಿ ತೊಂದರೆ ಏನಾದರೂ?”

ಅಕ್ಕ ಶಾಲಿನ ಅಂಚನ್ನು ಹಿಡಿದುಕೊಂಡಳು.

“ಎರಡೂ ಚೆನ್ನಾಗಿವೆ,” ಎಂದಳು. ಬೆಳಿಗ್ಗೆಯಿಂದ ನಡೆದ ವಿಚಾರಣೆಯಲ್ಲಿ ತಪ್ಪೊಪ್ಪಿಗೆಯಂತೆ ಕೇಳಿದ ಮಾತು ಅದೊಂದೇ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು.

“ಈ ವಯಸ್ಸಿಗೆ? ಪುಣ್ಯವಂತರು ನೀವು,” ಎಂದು ಡಾಕ್ಟರು ತಲೆ ಎತ್ತದೆ ಬರೆದುಕೊಂಡ.